ಕಮತಗಿಯ ಖಟ್ಲೆಗಳು ಮುಂಬಯಿಯಿಂದ ಧಾರವಾಡಕ್ಕೆ

ನಮ್ಮ ಕಡೆ ಹೊಲದ ಖಟ್ಲೆ ಅಂದರೆ ಅಜ್ಜ ಹೂಡಿದ್ದು, ಮೊಮ್ಮಗ ಓಡಾಡುವುದು. ಹೊಲ ಇದ್ದಲ್ಲೇ ಇರುತ್ತದೆ, ಆದರೆ ಅಪೀಲು ಹೋಗುವ ಊರು ಬದಲಾಗುತ್ತಲೇ ಬಂದಿದೆ. ಹಾಗಾದಾಗ ಒಂದು ಕೋರ್ಟಿನಲ್ಲಿ ಮುಗಿದ ಪ್ರಶ್ನೆ ಮತ್ತೊಂದು ಕೋರ್ಟಿಗೆ ಹೋದರೆ ಏನಾಗುತ್ತದೆ?

ಕಮತಗಿ ಹುನಗುಂದ ತಾಲೂಕಿನ ಊರು. 1956ರ ಅಕ್ಟೋಬರ್ ಕೊನೆಯವರೆಗೆ ಮುಂಬಯಿ ರಾಜ್ಯದ ಬಿಜಾಪುರ ಜಿಲ್ಲೆಯಲ್ಲಿತ್ತು. ಜಿಲ್ಲಾ ಕೋರ್ಟಿನ ತೀರ್ಪು ಒಪ್ಪದವರು 1862ರಲ್ಲಿ ಶುರುವಾದ ಮುಂಬಯಿ ಹೈಕೋರ್ಟಿಗೇ ಹೋಗಬೇಕಿತ್ತು. 1956ರ ನವೆಂಬರ್ 1ರಂದು ಬಿಜಾಪುರ, ಧಾರವಾಡ, ಬೆಳಗಾವಿ, ಕಾರವಾರದ ಸೀಮೆ ಮೈಸೂರು ರಾಜ್ಯ ಸೇರಿತು. ಹೈಕೋರ್ಟು ಬೆಂಗಳೂರಾಯಿತು. ಮುಂಬಯಿಯಲ್ಲಿದ್ದ ಫೈಲುಗಳ ಗತಿ?

ರಾಜ್ಯ ಪುನರ್ವಿಂಗಡಣಾ ಕಾಯಿದೆ ಇದಕ್ಕೆ ದಾರಿ ಮಾಡಿತ್ತು ನೋಡಿ. ನಡೆಯುತ್ತಿದ್ದ ಖಟ್ಲೆಗಳಲ್ಲಿ ಮೈಸೂರಿಗೆ ಹೋಗಬೇಕಾದವು ಯಾವುವು ಅಂತ ಮುಂಬಯಿಯ ಮುಖ್ಯ ನ್ಯಾಯಮೂರ್ತಿಗಳು ಗುರುತಿಸಬೇಕು. ಅವು ಹೊಸ ಕೋರ್ಟಿನಲ್ಲೇ ಹುಟ್ಟಿದವು ಅನ್ನುವಂತೆ ಮುಂದುವರಿಯಬೇಕು. ಮುಂಬಯಿ ಕೊಟ್ಟಿದ್ದ ಆದೇಶ ಮೈಸೂರು ಹೈಕೋರ್ಟಿನದೂ ಆಗಿ ನಡೆಯಬೇಕು.

ಇನ್ನು ತೀರ್ಮಾನವಾಗಿದ್ದ ಖಟ್ಲೆ ಊರು ಬದಲಾಯಿತೆಂದು ಮತ್ತೆ ತೆರೆಯುವ ಹಾಗಿಲ್ಲ. ಅದೇ ಜನ, ಅದೇ ವಿಷಯ, ಒಮ್ಮೆ ನಿರ್ಣಯವಾಗಿದ್ದರೆ ಮುಗಿಯಿತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಕಲಮು ಹೇಳುವುದು ಇದನ್ನೇ.

ಇದರಲ್ಲಿ ಏನು ದೊಡ್ಡ ಮಾತು ಅಂತೀರಾ? ಹೆಣ್ಣುಮಕ್ಕಳ ಹೊಲದ ಸಂಗತಿ ನೋಡಿ. ಆಗಿನ ಹಿಂದೂ ಶಾಸ್ತ್ರಕ್ಕೆ ಸೀಮೆಗೊಂದು ಪದ್ಧತಿ. ಮುಂಬಯಿ ಪದ್ಧತಿಯಲ್ಲಿ, ಗಂಡುಮಕ್ಕಳಿಲ್ಲದ ತಂದೆಯ ಆಸ್ತಿ ಮಗಳಿಗೆ ಬಂದರೆ ಅದು ಪೂರ್ತಿ ಅವಳದೇ. ಮದರಾಸಿನ ಕಡೆ ಅವಳು ಬದುಕಿರುವ ತನಕ ಮಾತ್ರ, ಆಮೇಲೆ ತಂದೆಯ ವಾರಸುದಾರರಿಗೆ. 1956ರ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯಿದೆ ಬಂದರೂ, ಅದಕ್ಕೂ ಮುಂಚೆ ತೀರಿಕೊಂಡವರ ಆಸ್ತಿಯ ಜಗಳಕ್ಕೆ ಹಳೆಯ ಪದ್ಧತಿಯೇ ಆಧಾರ. ಬೆಂಗಳೂರಿನಲ್ಲಿ ಕೂತವರೂ ನಮ್ಮ ಸೀಮೆಯ ಖಟ್ಲೆಗೆ ಮುಂಬಯಿ ಪದ್ಧತಿಯನ್ನೇ ಹಿಡಿಯಬೇಕಿತ್ತು. ಕೋರ್ಟಿನ ಜೊತೆಗೆ ಕಾಯಿದೆಯೂ ಬದಲಾಗಿದ್ದರೆ ಎಷ್ಟು ಹೆಣ್ಣುಮಕ್ಕಳ ಕೈಯಿಂದ ಹೊಲ ಜಾರುತ್ತಿತ್ತೋ!

ಓಡಾಟ ಮಾತ್ರ ಕಡಿಮೆಯಾಗಲಿಲ್ಲ. ಬೆಂಗಳೂರು ನಮಗೆ ನಾನೂರು ಕಿಲೋಮೀಟರಿಗೂ ದೂರ. ಧಾರವಾಡದಲ್ಲಿ ಪೀಠ ಬೇಕೆಂದು ವಕೀಲರು ವರ್ಷಗಟ್ಟಲೆ ಹೋರಾಡಿದರು. 2008ರ ಜುಲೈನಲ್ಲಿ ಧಾರವಾಡ, ಕಲಬುರಗಿ ಎರಡೂ ಕಡೆ ಸಂಚಾರಿ ಪೀಠ ಶುರುವಾದವು, 2013ರ ಆಗಸ್ಟಿನಲ್ಲಿ ಕಾಯಂ ಆದವು.

ಇಲ್ಲೊಂದು ತಮಾಷೆ ಇದೆ. 1997ರಲ್ಲಿ ಬಿಜಾಪುರ ಒಡೆದು ಬಾಗಲಕೋಟೆ ಜಿಲ್ಲೆಯಾಗಿತ್ತಲ್ಲ, ಬಾಗಲಕೋಟೆಯ ಅಪೀಲುಗಳು ಧಾರವಾಡಕ್ಕೆ, ಬಿಜಾಪುರದವು ಕಲಬುರಗಿಗೆ! ಒಂದೇ ಮನೆಯ ಅಣ್ಣತಮ್ಮಂದಿರು ಬೇರೆಬೇರೆ ಸಂತೆಗೆ ಹೋದ ಹಾಗೆ.

ತಪ್ಪು ಕೋರ್ಟಿಗೆ ಹೋದವರ ಗತಿಯೇ ಬೇರೆ. ಅಲ್ಲಿ ಪ್ರಶ್ನೆಗೆ ಉತ್ತರ ಸಿಕ್ಕಿರುವುದಿಲ್ಲ, "ಇದು ನಮ್ಮ ವ್ಯಾಪ್ತಿಯದಲ್ಲ" ಅಂತ ದಾವಾಪತ್ರ ವಾಪಸು ಕೊಟ್ಟಿರುತ್ತಾರೆ ಅಷ್ಟೆ. ಸರಿಯಾದ ಕೋರ್ಟಿನಲ್ಲಿ ವಿಚಾರಣೆ ಹೊಸದಾಗಿ ಶುರುವಾಗುತ್ತದೆ. ಆದರೆ ಪ್ರಾಮಾಣಿಕವಾಗಿ, ಆಲಸ್ಯ ಮಾಡದೆ ನಡೆಸಿದ್ದರೆ ಅಲ್ಲಿ ಕಳೆದ ದಿನಗಳನ್ನು ಕಾಲಮಿತಿಯ ಲೆಕ್ಕದಿಂದ ಬಿಡುತ್ತಾರೆ. 1963ರ ಕಾಲಮಿತಿ ಕಾಯಿದೆಯ 14ನೇ ಕಲಮು ಇರುವುದೇ ಇದಕ್ಕೆ.

ಬಾಗಿಲು ತಪ್ಪಿ ಹೋದವನಿಗೆ ಸರಿಯಾದ ಬಾಗಿಲು ತೋರಿಸಬೇಕು. ನ್ಯಾಯ ಮುಗಿಸಿಕೊಂಡು ಬಂದವಳನ್ನು ಇನ್ನೊಂದು ಬಾಗಿಲಿಗೆ ಎಳೆಯಬಾರದು. ಇವೆರಡನ್ನೂ ಕಲಸದಿದ್ದದ್ದೇ ದೊಡ್ಡದು ಅಂತ ನನಗನ್ನಿಸುತ್ತದೆ.

ನಿಮ್ಮ ಮನೆಯ ಟ್ರಂಕಿನಲ್ಲಿ ಮುಂಬಯಿ ಹೈಕೋರ್ಟಿನ ಮುದ್ರೆಯಿರುವ ಹಳೇ ಕಾಗದ ಇದ್ದರೆ ರದ್ದಿಗೆ ಹಾಕಬೇಡಿ. ಊರು ಬೇರೆ ರಾಜ್ಯಕ್ಕೆ ಸೇರಿತೆಂದು ಅದರ ಮಾತು ಸುಳ್ಳಾಗಿಲ್ಲ.