ನೈತಿಕ ಸೋಮವಾರ ಚಳವಳಿ

ನೈತಿಕ ಸೋಮವಾರ ಚಳವಳಿಯು ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರ ಕ್ಯಾರೊಲಿನಾ ರಾಜ್ಯದಲ್ಲಿ 2013ರ ಏಪ್ರಿಲ್ 29ರಂದು ಆರಂಭವಾದ ಅಹಿಂಸಾತ್ಮಕ ಜನಾಂದೋಲನ. ಇಂಗ್ಲಿಷಿನಲ್ಲಿ ಇದನ್ನು ಮಾರಲ್ ಮಂಡೇಸ್ ಎಂದು ಕರೆಯುತ್ತಾರೆ. ಆರೋಗ್ಯ ಸೇವೆ, ನಿರುದ್ಯೋಗ ಭತ್ಯೆ, ಸಾರ್ವಜನಿಕ ಶಿಕ್ಷಣ ಮತ್ತು ಮತದಾನದ ಹಕ್ಕುಗಳ ಬಗ್ಗೆ ರಾಜ್ಯ ಶಾಸನಸಭೆಯು ಕೈಗೊಂಡ ನಿರ್ಧಾರಗಳನ್ನು ಇದು ವಿರೋಧಿಸಿತು. ವಿವಿಧ ಕ್ರೈಸ್ತ ಪಂಗಡಗಳ ಪಾದ್ರಿಗಳು, ಯಹೂದಿ ರಬ್ಬಿಗಳು, ಮುಸ್ಲಿಮರು ಹಾಗೂ ಯಾವ ಧರ್ಮವನ್ನೂ ಅನುಸರಿಸದವರು ಸೋಮವಾರಗಳಂದು ರಾಜಧಾನಿ ರಾಲಿಯ ಶಾಸನಸಭಾ ಭವನದಲ್ಲಿ ಸೇರುತ್ತಿದ್ದುದರಿಂದ ಚಳವಳಿಗೆ ಈ ಹೆಸರು ಬಂದಿತು. ಗೋಲ್ಡ್ಸ್‌ಬರೊ ಪಟ್ಟಣದ ಗ್ರೀನ್‌ಲೀಫ್ ಚರ್ಚಿನ ಪಾದ್ರಿಯೂ ಎನ್‌ಎಎಸಿಪಿ ಸಂಘಟನೆಯ ರಾಜ್ಯಾಧ್ಯಕ್ಷರೂ ಆಗಿದ್ದ ವಿಲಿಯಂ ಬಾರ್ಬರ್ ಇದರ ಪ್ರಮುಖ ನಾಯಕರು. ಎನ್‌ಎಎಸಿಪಿಯು ಕಪ್ಪು ಜನರ ಹಕ್ಕುಗಳಿಗಾಗಿ 1909ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಥೆ.

ರಾಜ್ಯ ಸರ್ಕಾರದ ಪಾತ್ರ

ಅಮೆರಿಕದ ಒಕ್ಕೂಟ ವ್ಯವಸ್ಥೆಯಲ್ಲಿ ಬಡವರ ದಿನನಿತ್ಯದ ಬದುಕನ್ನು ತಟ್ಟುವ ಅನೇಕ ವಿಷಯಗಳು ರಾಜ್ಯಗಳ ಅಧೀನದಲ್ಲಿವೆ. ಶಾಲೆಗಳ ಅನುದಾನ, ನಿರುದ್ಯೋಗ ಭತ್ಯೆಯ ಮೊತ್ತ, ಮತದಾನದ ವಿಧಿವಿಧಾನ ಮುಂತಾದವನ್ನು ಬಹುಮಟ್ಟಿಗೆ ಆಯಾ ರಾಜ್ಯದ ಶಾಸಕರೇ ನಿರ್ಧರಿಸುತ್ತಾರೆ. ಚಳವಳಿಯು ರಾಷ್ಟ್ರದ ರಾಜಧಾನಿಯನ್ನು ಬಿಟ್ಟು ರಾಜ್ಯದ ಶಾಸನಸಭೆಯನ್ನೇ ತನ್ನ ಕಾರ್ಯಕ್ಷೇತ್ರವಾಗಿ ಆರಿಸಿಕೊಳ್ಳಲು ಇದು ಮುಖ್ಯ ಕಾರಣ.

ಮೆಡಿಕೈಡ್ ಯೋಜನೆಯು ಇದಕ್ಕೆ ಉತ್ತಮ ನಿದರ್ಶನ. ಕಡಿಮೆ ಆದಾಯದವರಿಗೆ ವೈದ್ಯಕೀಯ ನೆರವು ನೀಡುವ ಈ ಯೋಜನೆಯ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಹಂಚಿಕೊಳ್ಳುತ್ತವೆ. 2010ರ ಆರೋಗ್ಯ ಕಾಯಿದೆಯು ಇದನ್ನು ಬಡತನ ರೇಖೆಯ ಶೇಕಡಾ 138ರವರೆಗಿನ ಆದಾಯವುಳ್ಳ ವಯಸ್ಕರಿಗೆ ವಿಸ್ತರಿಸಿತು. ಆದರೆ ಈ ವಿಸ್ತರಣೆಯನ್ನು ಒಪ್ಪುವುದು ಅಥವಾ ಬಿಡುವುದು ರಾಜ್ಯಗಳ ಇಚ್ಛೆಗೆ ಸೇರಿದ್ದೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ತೀರ್ಪು ನೀಡಿತು. ಮೊದಲ ಮೂರು ವರ್ಷಗಳ ಪೂರ್ಣ ವೆಚ್ಚವನ್ನು ಕೇಂದ್ರವೇ ಭರಿಸುವುದಾಗಿದ್ದರೂ ಉತ್ತರ ಕ್ಯಾರೊಲಿನಾ 2013ರಲ್ಲಿ ವಿಸ್ತರಣೆಯನ್ನು ನಿರಾಕರಿಸಿತು. ಆಗ ಆ ರಾಜ್ಯದಲ್ಲಿ ಮಕ್ಕಳಿಲ್ಲದ, ಅಂಗವೈಕಲ್ಯವಿಲ್ಲದ ವಯಸ್ಕರು ಎಷ್ಟೇ ಬಡವರಾಗಿದ್ದರೂ ಸಾಮಾನ್ಯವಾಗಿ ಈ ಯೋಜನೆಯ ವ್ಯಾಪ್ತಿಗೆ ಬರುತ್ತಿರಲಿಲ್ಲ.

ಐತಿಹಾಸಿಕ ಹಿನ್ನೆಲೆ

ಬಾರ್ಬರ್ ತಮ್ಮ ಕಾರ್ಯವಿಧಾನವನ್ನು ಸಮ್ಮಿಲನ ರಾಜಕಾರಣ ಎಂದು ಕರೆದರು. ಈ ಪದದ ಬೇರು ಉತ್ತರ ಕ್ಯಾರೊಲಿನಾದ ಇತಿಹಾಸದಲ್ಲಿಯೇ ಇದೆ. 1890ರ ದಶಕದಲ್ಲಿ ಕಪ್ಪು ಮತದಾರರ ಬೆಂಬಲವಿದ್ದ ರಿಪಬ್ಲಿಕನ್ ಪಕ್ಷ ಮತ್ತು ಬಿಳಿಯ ರೈತರ ಪಾಪ್ಯುಲಿಸ್ಟ್ ಪಕ್ಷ ಒಂದಾಗಿ 1894ರಲ್ಲಿ ಶಾಸನಸಭೆಯನ್ನು ಗೆದ್ದವು. 1898ರ ನವೆಂಬರ್ 10ರಂದು ವಿಲ್ಮಿಂಗ್ಟನ್ ನಗರದಲ್ಲಿ ಶಸ್ತ್ರಸಜ್ಜಿತ ಬಿಳಿಯರ ಗುಂಪು ಚುನಾಯಿತ ನಗರಾಡಳಿತವನ್ನು ಬಲಾತ್ಕಾರವಾಗಿ ಕಿತ್ತೊಗೆದು ಕಪ್ಪು ಜನರ ಹತ್ಯೆ ನಡೆಸಿತು. 1900ರ ಸಂವಿಧಾನ ತಿದ್ದುಪಡಿಯು ಸಾಕ್ಷರತಾ ಪರೀಕ್ಷೆಯನ್ನು ಜಾರಿಗೆ ತಂದು ಬಹುಪಾಲು ಕಪ್ಪು ಜನರ ಮತಾಧಿಕಾರವನ್ನು ಕಸಿದುಕೊಂಡಿತು.

1960ರಲ್ಲಿ ಇದೇ ರಾಜ್ಯದ ಗ್ರೀನ್ಸ್‌ಬರೊ ನಗರದಲ್ಲಿ ವಿದ್ಯಾರ್ಥಿಗಳು ಉಪಾಹಾರ ಗೃಹದಲ್ಲಿ ಧರಣಿ ಕುಳಿತು ವರ್ಣಭೇದವನ್ನು ಪ್ರತಿಭಟಿಸಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ರಾಲಿಯ ಶಾ ವಿಶ್ವವಿದ್ಯಾಲಯದಲ್ಲಿ ನಡೆದ ವಿದ್ಯಾರ್ಥಿ ಸಮಾವೇಶದಲ್ಲಿ ಮಾತನಾಡಿದವರಲ್ಲಿ ಮೆಥಡಿಸ್ಟ್ ಪಾದ್ರಿ ಜೇಮ್ಸ್ ಲಾಸನ್ ಒಬ್ಬರು. ಅವರು 1950ರ ದಶಕದಲ್ಲಿ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಸೇವೆ ಸಲ್ಲಿಸುತ್ತ ಗಾಂಧೀಜಿಯವರ ಸತ್ಯಾಗ್ರಹ ತತ್ತ್ವವನ್ನು ಅಧ್ಯಯನ ಮಾಡಿದ್ದರು. ಸ್ವಯಿಚ್ಛೆಯಿಂದ ಬಂಧನಕ್ಕೊಳಗಾಗುವ ನೈತಿಕ ಸೋಮವಾರದ ಪದ್ಧತಿಯು ಈ ಪರಂಪರೆಯ ಮುಂದುವರಿಕೆಯಾಗಿದೆ.

ಆರಂಭ

ಚಳವಳಿಯ ಸಂಘಟನಾತ್ಮಕ ತಳಹದಿಯು 2007ರಲ್ಲಿಯೇ ಸಿದ್ಧವಾಗಿತ್ತು. ಆ ವರ್ಷ ಎನ್‌ಎಎಸಿಪಿಯ ನೇತೃತ್ವದಲ್ಲಿ ಅನೇಕ ಸಂಘಟನೆಗಳು 14 ಅಂಶಗಳ ಬೇಡಿಕೆಪಟ್ಟಿಯೊಂದಿಗೆ ಶಾಸನಸಭೆ ಇರುವ ಜೋನ್ಸ್ ಬೀದಿಗೆ ಮೆರವಣಿಗೆ ನಡೆಸಿದವು. ಅಂದು ಶಾಸನಸಭೆಯಲ್ಲಿ ಬಹುಮತವಿದ್ದುದು ಡೆಮಾಕ್ರಟಿಕ್ ಪಕ್ಷಕ್ಕೆ. ಚಳವಳಿಯು ಒಂದೇ ಪಕ್ಷದ ವಿರುದ್ಧ ಹುಟ್ಟಿದ್ದಲ್ಲ ಎಂಬುದಕ್ಕೆ ಅದರ ನಾಯಕರು ಈ ಸಂಗತಿಯನ್ನು ಆಧಾರವಾಗಿ ನೀಡುತ್ತಾರೆ.

2010ರ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷವು ಶಾಸನಸಭೆಯ ಎರಡೂ ಸದನಗಳಲ್ಲಿ ಬಹುಮತ ಪಡೆಯಿತು. 2013ರ ಜನವರಿಯಲ್ಲಿ ಅದೇ ಪಕ್ಷದ ಪ್ಯಾಟ್ ಮೆಕ್ರೋರಿ ರಾಜ್ಯಪಾಲರಾದರು. ಅಮೆರಿಕದಲ್ಲಿ ರಾಜ್ಯಪಾಲರು ಜನರಿಂದ ಚುನಾಯಿತರಾದ ಕಾರ್ಯಾಂಗದ ಮುಖ್ಯಸ್ಥರು. ಅನಂತರದ ತಿಂಗಳುಗಳಲ್ಲಿ ಮೆಡಿಕೈಡ್ ವಿಸ್ತರಣೆಯ ನಿರಾಕರಣೆಯೊಂದಿಗೆ ವಾರದ ಗರಿಷ್ಠ ನಿರುದ್ಯೋಗ ಭತ್ಯೆಯನ್ನು 535 ಡಾಲರ್‌ಗಳಿಂದ 350 ಡಾಲರ್‌ಗಳಿಗೆ ಇಳಿಸಲಾಯಿತು. ಮರಣದಂಡನೆಯಲ್ಲಿ ವರ್ಣಭೇದವನ್ನು ಪ್ರಶ್ನಿಸಲು ಅವಕಾಶ ನೀಡಿದ್ದ 2009ರ ಕಾಯಿದೆಯನ್ನು ರದ್ದುಪಡಿಸಲಾಯಿತು.

2013ರ ಏಪ್ರಿಲ್ 29ರಂದು ಶಾಸನಸಭಾ ಭವನದೊಳಗೆ ಪ್ರಾರ್ಥಿಸುತ್ತ ಹಾಡುತ್ತ ನಿಂತ 17 ಮಂದಿಯನ್ನು ಪೊಲೀಸರು ಬಂಧಿಸಿದರು. ಅವರಲ್ಲಿ ಬಾರ್ಬರ್ ಕೂಡ ಇದ್ದರು. ವಾರದಿಂದ ವಾರಕ್ಕೆ ಜನಸಂಖ್ಯೆ ಹೆಚ್ಚುತ್ತ ಹೋಯಿತು. ಆ ವರ್ಷ 900ಕ್ಕೂ ಹೆಚ್ಚು ಜನರು ಬಂಧನಕ್ಕೊಳಗಾದರು. 2014ರ ಫೆಬ್ರವರಿ 8ರಂದು ರಾಲಿಯಲ್ಲಿ ನಡೆದ ಮೆರವಣಿಗೆಯಲ್ಲಿ ಹತ್ತಾರು ಸಾವಿರ ಜನರು ಪಾಲ್ಗೊಂಡರು.

ಸ್ವರೂಪ ಮತ್ತು ವಾದಸರಣಿ

ಬಂಧನಕ್ಕೆ ಸಿದ್ಧರಾದವರಿಗೆ ಅಹಿಂಸೆಯ ತರಬೇತಿ ನೀಡಲಾಗುತ್ತಿತ್ತು. ಹೊರಗೆ ನಡೆಯುವ ಸಭೆಯಲ್ಲಿ ಧರ್ಮಗುರುಗಳ ಜೊತೆಗೆ ಕೆಲಸ ಕಳೆದುಕೊಂಡವರು, ವಿಮೆಯಿಲ್ಲದ ರೋಗಿಗಳು, ಶಿಕ್ಷಕರು ತಮ್ಮ ಅನುಭವವನ್ನು ಹೇಳುತ್ತಿದ್ದರು. ಅನಂತರ ಒಂದು ತಂಡವು ಸಾಲಾಗಿ ಭವನವನ್ನು ಪ್ರವೇಶಿಸಿ ಸದನದ ಬಾಗಿಲುಗಳ ಮುಂದೆ ನಿಲ್ಲುತ್ತಿತ್ತು.

ಚಳವಳಿಯ ವಾದಕ್ಕೆ ಎರಡು ಆಧಾರಗಳಿದ್ದವು. ಮೊದಲನೆಯದು ಧರ್ಮಗ್ರಂಥಗಳು. ಬಡವರಿಗೆ ಅನ್ಯಾಯವಾಗುವಂತೆ ಕಾನೂನು ರಚಿಸುವವರನ್ನು ಖಂಡಿಸುವ ಯೆಶಾಯ ಮೊದಲಾದ ಪ್ರವಾದಿಗಳ ವಾಣಿಯು ಯಹೂದಿಗಳಿಗೂ ಕ್ರೈಸ್ತರಿಗೂ ಸಮಾನವಾದುದು. ಎರಡನೆಯದು ರಾಜ್ಯದ ಸಂವಿಧಾನ. ಸಾರ್ವಜನಿಕ ಹಿತವನ್ನು ಚರ್ಚಿಸಲು ಒಟ್ಟುಸೇರುವ ಮತ್ತು ಪ್ರತಿನಿಧಿಗಳಿಗೆ ನಿರ್ದೇಶನ ನೀಡುವ ಹಕ್ಕು ಜನರಿಗೆ ಇದೆಯೆಂದು ಅದರ 1ನೆಯ ವಿಧಿ ಹೇಳುತ್ತದೆ. ಬಡವರು, ದುರ್ದೈವಿಗಳು ಮತ್ತು ಅನಾಥರಿಗೆ ನೆರವು ಕಲ್ಪಿಸುವುದು ರಾಜ್ಯದ ಪ್ರಥಮ ಕರ್ತವ್ಯಗಳಲ್ಲಿ ಒಂದೆಂದು 11ನೆಯ ವಿಧಿ ಸಾರುತ್ತದೆ. ಭಿನ್ನ ನಂಬಿಕೆಯವರಿಗೂ ನಂಬಿಕೆಯಿಲ್ಲದವರಿಗೂ ಸಮಾನ ನೆಲೆಯನ್ನು ಒದಗಿಸಿದ್ದು ಈ ಎರಡನೆಯ ಆಧಾರ.

ಒಂದೇ ಧರ್ಮದ ಕಟ್ಟಳೆಯನ್ನು ಎಲ್ಲರ ಮೇಲೆ ಕಾನೂನಾಗಿ ಹೇರಬೇಕೆಂಬುದು ಚಳವಳಿಯ ನಿಲುವಾಗಿರಲಿಲ್ಲ. ಸಲಿಂಗ ವಿವಾಹವನ್ನು ನಿಷೇಧಿಸುವ ತಿದ್ದುಪಡಿಯು 2012ರ ಮೇ ತಿಂಗಳಿನಲ್ಲಿ ಜನಮತಕ್ಕೆ ಬಂದಾಗ ಈ ಪ್ರಶ್ನೆ ಎದುರಾಗಿತ್ತು. ಈ ವಿಷಯದಲ್ಲಿ ಚರ್ಚುಗಳ ನಡುವೆ ಒಮ್ಮತವಿರಲಿಲ್ಲ. ಪ್ರತಿಯೊಂದು ಚರ್ಚು ತನ್ನ ವಿಶ್ವಾಸವನ್ನು ಉಳಿಸಿಕೊಳ್ಳಬಹುದು, ಆದರೆ ಅಲ್ಪಸಂಖ್ಯಾತರ ಹಕ್ಕನ್ನು ಬಹುಮತಕ್ಕೆ ಹಾಕಬಾರದು ಎಂದು ಬಾರ್ಬರ್ ವಾದಿಸಿದರು. ತಿದ್ದುಪಡಿಯು ಅಂಗೀಕಾರವಾಯಿತಾದರೂ ಭಿನ್ನಾಭಿಪ್ರಾಯದ ನಡುವೆಯೂ ಜೊತೆಗೂಡಿ ಕೆಲಸ ಮಾಡುವ ಕ್ರಮವು ಮುಂದಿನ ವರ್ಷದ ಚಳವಳಿಗೆ ನೆರವಾಯಿತು.

ಟೀಕೆಗಳು

ರಿಪಬ್ಲಿಕನ್ ಶಾಸಕರು ಚಳವಳಿಯನ್ನು ತೀವ್ರವಾಗಿ ಟೀಕಿಸಿದರು. ಸೆನೆಟರ್ ಥಾಮ್ ಗೂಲ್ಸ್‌ಬಿ 2013ರಲ್ಲಿ ಲೇಖನವೊಂದನ್ನು ಬರೆದು ಇದನ್ನು ಮೂರ್ಖರ ಸೋಮವಾರ ಎಂದು ಗೇಲಿ ಮಾಡಿದರು. ಪ್ರತಿಭಟನಕಾರರು ಹೊರರಾಜ್ಯದವರೆಂಬ ಆರೋಪವೂ ಕೇಳಿಬಂದಿತು, ಆದರೆ ಬಂಧಿತರಲ್ಲಿ ಬಹುಪಾಲು ಜನರು ಉತ್ತರ ಕ್ಯಾರೊಲಿನಾದ ನಿವಾಸಿಗಳೇ ಆಗಿದ್ದರು. ತೆರಿಗೆ ಕಡಿತ ಮತ್ತು ಮಿತವ್ಯಯದಿಂದ ಉದ್ಯೋಗ ಹೆಚ್ಚುತ್ತದೆ, ಕೇಂದ್ರಕ್ಕೆ ಮರಳಿಸಬೇಕಾದ ನಿರುದ್ಯೋಗ ನಿಧಿಯ ಸಾಲ ಬೇಗ ತೀರುತ್ತದೆ, ಆದ್ದರಿಂದ ಇದೂ ಜನಹಿತದ ನೀತಿಯೇ ಎಂಬುದು ಸರ್ಕಾರದ ಸಮರ್ಥನೆಯಾಗಿತ್ತು. ಒಂದು ಪಕ್ಷದ ಆಯವ್ಯಯವನ್ನು ಅನೈತಿಕವೆಂದು ಕರೆಯುವುದು ಧರ್ಮವನ್ನು ಪಕ್ಷ ರಾಜಕೀಯಕ್ಕೆ ಎಳೆದಂತೆ ಎಂಬ ಆಕ್ಷೇಪವೂ ಇತ್ತು. ಅಮೆರಿಕದ ತೆರಿಗೆ ಕಾನೂನಿನ ಪ್ರಕಾರ ಚರ್ಚುಗಳು ಸಾರ್ವಜನಿಕ ನೀತಿಯ ಬಗ್ಗೆ ಮಾತನಾಡಬಹುದಾದರೂ ಅಭ್ಯರ್ಥಿಗಳ ಪರವಾಗಿ ಪ್ರಚಾರ ಮಾಡುವುದಕ್ಕೆ 1954ರಿಂದ ನಿರ್ಬಂಧವಿದೆ.

ಮತದಾನ ಕಾಯಿದೆ

2013ರ ಆಗಸ್ಟ್ 12ರಂದು ಕಾನೂನಿನ ರೂಪ ಪಡೆದ ಚುನಾವಣಾ ಕಾಯಿದೆಯು ಭಾವಚಿತ್ರವುಳ್ಳ ಗುರುತಿನ ಚೀಟಿಯನ್ನು ಕಡ್ಡಾಯಗೊಳಿಸಿತು. ಮುಂಗಡ ಮತದಾನದ ಅವಧಿಯನ್ನು 17 ದಿನಗಳಿಂದ 10 ದಿನಗಳಿಗೆ ಇಳಿಸಿತು. ಹೆಸರು ನೋಂದಾಯಿಸಿ ಅದೇ ದಿನ ಮತ ನೀಡುವ ಸೌಲಭ್ಯವನ್ನು ತೆಗೆದುಹಾಕಿತು. ಎನ್‌ಎಎಸಿಪಿ ಮತ್ತಿತರರು ನ್ಯಾಯಾಲಯದ ಮೊರೆಹೊಕ್ಕರು. ಅರ್ಜಿದಾರರಲ್ಲಿ ಒಬ್ಬರಾದ ರೋಸನೆಲ್ ಈಟನ್ ಆಗ 92 ವರ್ಷದವರು. 1940ರ ದಶಕದ ಆರಂಭದಲ್ಲಿ ಮತದಾರರಾಗಿ ನೋಂದಾಯಿಸಿಕೊಳ್ಳಲು ಹೋದಾಗ ಅಮೆರಿಕ ಸಂವಿಧಾನದ ಪೀಠಿಕೆಯನ್ನು ಕಂಠಪಾಠವಾಗಿ ಒಪ್ಪಿಸುವಂತೆ ಅಧಿಕಾರಿಗಳು ಅವರಿಗೆ ಹೇಳಿದ್ದರು. ಅವರು ಅದನ್ನು ತಪ್ಪಿಲ್ಲದೆ ಒಪ್ಪಿಸಿ ಹೆಸರು ಬರೆಸಿದ್ದರು.

2016ರ ಜುಲೈ 29ರಂದು ನಾಲ್ಕನೆಯ ವಲಯದ ಮೇಲ್ಮನವಿ ನ್ಯಾಯಾಲಯವು ಕಾಯಿದೆಯ ಪ್ರಮುಖ ಭಾಗಗಳನ್ನು ರದ್ದುಪಡಿಸಿತು. ಶಾಸಕರು ಮತದಾನ ವಿಧಾನಗಳ ಬಳಕೆಯ ಬಗ್ಗೆ ವರ್ಣವಾರು ಅಂಕಿಅಂಶಗಳನ್ನು ತರಿಸಿಕೊಂಡು, ಕಪ್ಪು ಮತದಾರರು ಹೆಚ್ಚಾಗಿ ಬಳಸುತ್ತಿದ್ದ ವಿಧಾನಗಳನ್ನೇ ಮೊಟಕುಗೊಳಿಸಿದ್ದಾರೆಂದು ಅದು ತೀರ್ಮಾನಿಸಿತು. ಸರ್ವೋಚ್ಚ ನ್ಯಾಯಾಲಯವು 2017ರ ಮೇ ತಿಂಗಳಿನಲ್ಲಿ ಮೇಲ್ಮನವಿಯನ್ನು ವಿಚಾರಣೆಗೆ ಎತ್ತಿಕೊಳ್ಳಲಿಲ್ಲ. ಆದರೆ 2018ರಲ್ಲಿ ರಾಜ್ಯದ ಮತದಾರರೇ ಗುರುತಿನ ಚೀಟಿಯನ್ನು ಕಡ್ಡಾಯಗೊಳಿಸುವ ಸಂವಿಧಾನ ತಿದ್ದುಪಡಿಯನ್ನು ಅಂಗೀಕರಿಸಿದರು. ಅದಕ್ಕೆ ಅನುಗುಣವಾದ ಹೊಸ ಕಾಯಿದೆಯನ್ನು ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಎತ್ತಿಹಿಡಿಯಿತು.

ಮೆಡಿಕೈಡ್ ವಿಸ್ತರಣೆ

ಆರೋಗ್ಯದ ಪ್ರಶ್ನೆಯಲ್ಲಿ ಚಳವಳಿಗೆ ಅನಿರೀಕ್ಷಿತ ಮಿತ್ರರೂ ದೊರೆತರು. ಕರಾವಳಿಯ ಬೆಲ್‌ಹೇವನ್ ಪಟ್ಟಣದ ಆಸ್ಪತ್ರೆಯು 2014ರ ಜುಲೈ ತಿಂಗಳಿನಲ್ಲಿ ಮುಚ್ಚಿತು. ಅದನ್ನು ಪ್ರತಿಭಟಿಸಿ ಅಲ್ಲಿನ ಮೇಯರ್ ಆಡಮ್ ಓನೀಲ್ ವಾಷಿಂಗ್ಟನ್ನಿಗೆ ಸುಮಾರು 440 ಕಿಲೋಮೀಟರ್ ಪಾದಯಾತ್ರೆ ಕೈಗೊಂಡರು. ಅವರು ಬಿಳಿಯರು ಹಾಗೂ ರಿಪಬ್ಲಿಕನ್ ಪಕ್ಷದವರು. ಆದರೂ ಈ ಹೋರಾಟದಲ್ಲಿ ಅವರೂ ಬಾರ್ಬರ್ ಅವರೂ ಒಂದೇ ವೇದಿಕೆಯಲ್ಲಿ ನಿಂತರು.

2016ರ ಚುನಾವಣೆಯಲ್ಲಿ ಮೆಕ್ರೋರಿ ಸುಮಾರು 10,000 ಮತಗಳ ಅಂತರದಿಂದ ಡೆಮಾಕ್ರಟಿಕ್ ಪಕ್ಷದ ರಾಯ್ ಕೂಪರ್ ಅವರಿಗೆ ಸೋತರು. ಅನಂತರವೂ ಶಾಸನಸಭೆಯಲ್ಲಿ ರಿಪಬ್ಲಿಕನ್ ಬಹುಮತ ಮುಂದುವರಿದುದರಿಂದ ವಿಸ್ತರಣೆ ವಿಳಂಬವಾಯಿತು. ಕೊನೆಗೆ ಎರಡೂ ಪಕ್ಷಗಳ ಬೆಂಬಲದಿಂದ ಅಂಗೀಕಾರವಾದ ಮಸೂದೆಗೆ ಕೂಪರ್ 2023ರ ಮಾರ್ಚ್ 27ರಂದು ಸಹಿ ಹಾಕಿದರು. ಅದೇ ವರ್ಷದ ಡಿಸೆಂಬರ್ 1ರಂದು ಯೋಜನೆ ಜಾರಿಗೆ ಬಂದು ಸುಮಾರು 6 ಲಕ್ಷ ಜನರು ಅರ್ಹತೆ ಪಡೆದರು. ಮೊದಲ ಸೋಮವಾರದ ಬಂಧನಗಳಿಂದ ಆ ದಿನದವರೆಗೆ ಹತ್ತು ವರ್ಷ ಏಳು ತಿಂಗಳುಗಳು ಕಳೆದಿದ್ದವು. ಕೇಂದ್ರವು 2021ರಲ್ಲಿ ಘೋಷಿಸಿದ ಹೆಚ್ಚುವರಿ ಅನುದಾನ, ಆಸ್ಪತ್ರೆಗಳ ಒತ್ತಾಯ, ಹಿರಿಯ ಶಾಸಕರ ಮನಃಪರಿವರ್ತನೆ ಇವೂ ಈ ಬದಲಾವಣೆಗೆ ಕಾರಣಗಳಾದುದರಿಂದ ಇದನ್ನು ಚಳವಳಿಯೊಂದರ ಸಾಧನೆಯೆಂದು ಹೇಳಲಾಗದು. ಬೇಡಿಕೆಯನ್ನು ಸಾರ್ವಜನಿಕರ ಗಮನದಿಂದ ಮರೆಯಾಗದಂತೆ ಉಳಿಸಿದ್ದು ಅದರ ಕೊಡುಗೆ.

ವಿಸ್ತಾರ

2014ರ ವೇಳೆಗೆ ಜಾರ್ಜಿಯಾದಲ್ಲಿ ಇದೇ ಹೆಸರಿನಲ್ಲಿ, ದಕ್ಷಿಣ ಕ್ಯಾರೊಲಿನಾದಲ್ಲಿ ಸತ್ಯದ ಮಂಗಳವಾರ ಎಂಬ ಹೆಸರಿನಲ್ಲಿ ಚಳವಳಿಗಳು ಆರಂಭವಾದವು. 2017ರಲ್ಲಿ ಬಾರ್ಬರ್ ಎನ್‌ಎಎಸಿಪಿಯ ರಾಜ್ಯಾಧ್ಯಕ್ಷ ಸ್ಥಾನವನ್ನು ತೊರೆದರು. ಮಾರ್ಟಿನ್ ಲೂಥರ್ ಕಿಂಗ್ ರೂಪಿಸಿದ್ದ 1968ರ ಬಡಜನರ ಅಭಿಯಾನವನ್ನು 2018ರಲ್ಲಿ ಅವರು ಪಾದ್ರಿ ಲಿಜ್ ಥಿಯೊಹ್ಯಾರಿಸ್ ಅವರೊಂದಿಗೆ ಪುನರಾರಂಭಿಸಿದರು. ಆ ವರ್ಷದ ಮೇ 14ರಿಂದ ನಲವತ್ತು ದಿನಗಳ ಕಾಲ ವಾಷಿಂಗ್ಟನ್ನಿನಲ್ಲಿಯೂ ಅನೇಕ ರಾಜ್ಯಗಳ ರಾಜಧಾನಿಗಳಲ್ಲಿಯೂ ಅಹಿಂಸಾತ್ಮಕ ಪ್ರತಿಭಟನೆಗಳು ನಡೆದವು.