ಐಸಿಯುನಿಂದ ಮನೆಗೆ ಬಂದ ಮೇಲೆ

ಹೊನ್ನಾವರದಲ್ಲಿ ನನ್ನ ಮಾವನ ಕಿರಾಣಿ ಅಂಗಡಿ ಇದೆ. ಉದ್ರಿ ಪುಸ್ತಕ ತೆಗೆಯದೆ ಯಾರ ಬಾಕಿ ಎಷ್ಟು ಅಂತ ಹೇಳ್ತಿದ್ದ ಮನುಷ್ಯ. ಸೋಂಕು ರಕ್ತಕ್ಕೇರಿ ಹನ್ನೆರಡು ದಿನ ಐಸಿಯುನಲ್ಲಿದ್ದು ಮನೆಗೆ ಬಂದ್ರು. ‘ಉಳಿದು ಬಂದ್ರಲ್ಲ, ಅಷ್ಟೇ ಸಾಕು’ ಅಂತು ಊರು. ಆದರೆ ನೂರು ರೂಪಾಯಿಗೆ ಚಿಲ್ಲರೆ ಎಣಿಸುವಾಗ ಕೈ ನಿಂತುಬಿಡುತ್ತಿತ್ತು. ‘ವಯಸ್ಸಾಯ್ತಲ್ಲ’ ಅಂದ್ರು ಅತ್ತೆ. ಮಾವನಿಗಾಗ 54. ನಾನೂ ತಲೆಯಾಡಿಸಿದೆ, ಅದು ನನ್ನ ತಪ್ಪು.

ಅಮೆರಿಕದ ಯೂಟಾದಲ್ಲಿ ರಮೋನಾ ಹಾಪ್ಕಿನ್ಸ್ ಎಂಬ ನ್ಯೂರೋಸೈಕಾಲಜಿಸ್ಟ್ ತಮ್ಮ ವೃತ್ತಿಯ ಬಹುಪಾಲನ್ನು ಇದಕ್ಕೇ ಕೊಟ್ಟರು: ಸಾವಿನ ಬಾಯಿಂದ ಬಂದವರ ನೆನಪು, ಗಮನ ಏನಾಗುತ್ತೆ? 1999ರಲ್ಲಿ ಅವರ ತಂಡ, ಶ್ವಾಸಕೋಶ ತೀವ್ರವಾಗಿ ಕೈಕೊಟ್ಟು ಬದುಕಿದ 55 ಮಂದಿಯ ವರದಿ ಕೊಟ್ಟಿತು. ಡಿಸ್ಚಾರ್ಜ್ ಹೊತ್ತಿಗೆ ಎಲ್ಲರಲ್ಲೂ ತೊಂದರೆ ಇತ್ತು. ವರ್ಷದ ಮೇಲೂ ಶೇ. 30 ಮಂದಿಯಲ್ಲಿ ಒಟ್ಟಾರೆ ಕುಸಿತ ಉಳಿದಿತ್ತು. 2013ರಲ್ಲಿ ಇನ್ನೂ ದೊಡ್ಡ ಅಧ್ಯಯನ ಬಂತು, 821 ರೋಗಿಗಳದ್ದು. ವರ್ಷದ ನಂತರ ಪರೀಕ್ಷಿಸಿದವರಲ್ಲಿ ಶೇ. 34 ಮಂದಿಯ ಅಂಕ, ತಲೆಗೆ ಮಧ್ಯಮ ಪ್ರಮಾಣದ ಪೆಟ್ಟು ಬಿದ್ದವರ ಮಟ್ಟಕ್ಕಿತ್ತು. ಚಿಕ್ಕ ವಯಸ್ಸಿನವರೂ ಅದರಲ್ಲಿದ್ರು. ಐಸಿಯುನಲ್ಲಿ ಸನ್ನಿ ಹೆಚ್ಚು ದಿನ ಹಿಡಿದಿದ್ದವರಿಗೆ ಪೆಟ್ಟೂ ಹೆಚ್ಚು. ಮಾವ ಆಗ ರಾತ್ರಿಯೆಲ್ಲ ‘ದೋಣಿ ಬಂತಾ?’ ಅಂತ ಕೇಳ್ತಿದ್ದದ್ದು ನೆನಪಾಯ್ತು.

ಸರಿ, ನಮ್ಮಲ್ಲಿ ಇದನ್ನ ಅಳೆಯೋದು ಹೇಗೆ? ಕುಮಟಾದಲ್ಲಿ ಮೀನು ಮಾರುವ, ಶಾಲೆಗೇ ಹೋಗದ ಹೆಂಗಸನ್ನ ಅಮೆರಿಕದ ಪದವೀಧರರ ಅಂಕಕ್ಕೆ ಹೋಲಿಸಿದರೆ ಆಕೆ ಆರೋಗ್ಯವಾಗಿದ್ದಾಗಲೂ ‘ಫೇಲ್’. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಶೋಭಿನಿ ರಾವ್ ಮತ್ತು ಸಂಗಡಿಗರು 2004ರಲ್ಲಿ ಹೊರತಂದ ಪರೀಕ್ಷಾಮಾಲೆ ಇಲ್ಲೇ ಮುಖ್ಯವಾಗೋದು. ವಯಸ್ಸು, ಲಿಂಗ, ಓದು ನೋಡಿ ಬೇರೆಬೇರೆ ಅಳತೆಗೋಲು, ಅನಕ್ಷರಸ್ಥರಿಗೂ ಒಂದು. ರಾವ್ ಅವರ ಕೆಲಸ ಐಸಿಯು ರೋಗಿಗಳ ಮೇಲಲ್ಲ, ತಲೆಗೆ ಪೆಟ್ಟು ಬಿದ್ದವರಂಥ ರೋಗಿಗಳ ಜೊತೆ. ಗಮನಶಕ್ತಿ ಮರಳಿಸಲು ನಿಮ್ಹಾನ್ಸ್ ಬಳಸಿದ ಅಭ್ಯಾಸಗಳಲ್ಲಿ ಕಾಳು ಬೇರ್ಪಡಿಸೋದೂ ಒಂದು. ಕಿರಾಣಿಯವನಿಗೆ ಇದಕ್ಕಿಂತ ಬೇಕಾ!

2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್, ಭಟ್ಕಳ ದಾಟಿ ಶಿರೂರು ಟೋಲ್‌ನಲ್ಲಿ ಉರುಳಿ ನಾಲ್ವರು ತೀರಿಕೊಂಡರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನೋ ಕೂಗು ಜೋರಾಯ್ತು. ನಾನೂ ಪೋಸ್ಟ್ ಹಾಕಿದ್ದೆ, ಬೆಡ್ ಎಷ್ಟು, ವೆಂಟಿಲೇಟರ್ ಎಷ್ಟು ಅಂತ. ಮನೆಗೆ ಬಂದವರನ್ನ ಮೂರು ತಿಂಗಳ ಮೇಲೆ ಕರೆದು ‘ಲೆಕ್ಕ ಆಗ್ತಿದ್ಯಾ?’ ಅಂತ ಕೇಳೋರು ಯಾರು ಅನ್ನೋದು ಆಗ ಹೊಳೆಯಲೇ ಇಲ್ಲ.

ಈಗ ಮಧ್ಯಾಹ್ನ ಮಾವ ಮೊರದಲ್ಲಿ ಹೆಸರು, ಅಲಸಂದೆ ಬೆರೆಸಿಕೊಂಡು ಆರಿಸ್ತಾರೆ. ಮೊನ್ನೆ ನಾನು ಐನೂರರ ನೋಟು ಕೊಟ್ಟೆ. ಎರಡು ಸಲ ಎಣಿಸಿ ಚಿಲ್ಲರೆ ಕೊಟ್ರು. ಹತ್ತು ರೂಪಾಯಿ ಹೆಚ್ಚಿತ್ತು.