ಮನೆ ಕಂಪ್ಯೂಟರಿನ ನೆಟ್ ರಿಪೇರಿ: ಮೂವತ್ತು ವರ್ಷ

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಅಲ್ಲಿಂದ ಸುಮಾರು ಹತ್ತು ವರ್ಷ ಮನೆಗಳಿಗೆ ನೆಟ್ ಬಂದದ್ದು ಬಹುಪಾಲು ದೂರವಾಣಿ ತಂತಿಯಲ್ಲಿ, ಡಯಲ್-ಅಪ್ ಆಗಿ. ಆಗಿನ ತೊಂದರೆಗಳೂ ಹೆಚ್ಚಾಗಿ ತಂತಿಯವೇ. ಪಕ್ಕದ ಕೋಣೆಯಲ್ಲಿ ಯಾರಾದರೂ ಪ್ಯಾರಲಲ್ ಫೋನಿನ ರಿಸೀವರ್ ಎತ್ತಿದರೆ ಸಂಪರ್ಕ ಹೋಯಿತು. ಮಳೆಗಾಲದಲ್ಲಿ ಕೇಬಲ್ ಜಾಯಿಂಟಿಗೆ ನೀರು ಇಳಿದರೆ ಲೈನಿನಲ್ಲಿ ಕರಕರ ಸದ್ದು, ವೇಗ ಅರ್ಧಕ್ಕರ್ಧ. ಕೆಲವು ಮೋಡೆಮ್‌ಗಳಿಗೆ ಇಲ್ಲಿನ ಎಕ್ಸ್‌ಚೇಂಜಿನ ಡಯಲ್ ಟೋನ್ ಗುರುತೇ ಸಿಗುತ್ತಿರಲಿಲ್ಲ. ಟೋನ್‌ಗೆ ಕಾಯಬೇಕೆಂಬ ಆಯ್ಕೆಯ ಟಿಕ್ ತೆಗೆದರೆ ಡಯಲ್ ಆಗುತ್ತಿತ್ತು. 1998ರ ವಿ.90 ಮೋಡೆಮ್‌ಗಳ ಡಬ್ಬಿಯ ಮೇಲೆ 56 ಕಿಲೋಬಿಟ್ ಎಂದು ಅಚ್ಚಾಗಿತ್ತಷ್ಟೆ, ಅಷ್ಟು ವೇಗ ಮನೆಯ ಲೈನಿನಲ್ಲಿ ಬರುವಂತಿರಲಿಲ್ಲ.

ವೈರಸ್ ಎಂಬುದು ಆಗ ಬೇರೆಯೇ ಖಾತೆ. ಲಾಹೋರಿನಲ್ಲಿ ಹುಟ್ಟಿದ 1986ರ 'ಬ್ರೈನ್' ಕಾಲದಿಂದ ಅದು ಫ್ಲಾಪಿಯಲ್ಲಿ ಬರುತ್ತಿದ್ದ ಪೀಡೆ. ನೆಟ್ ಬಾರದಿದ್ದರೆ ಲೈನ್‌ಮನ್, ವೈರಸ್ ಹೊಕ್ಕರೆ ಕಂಪ್ಯೂಟರ್ ಅಂಗಡಿ ಎಂದು ಕೆಲಸ ಹಂಚಿಹೋಗಿತ್ತು. 2000ದ ಮೇ ತಿಂಗಳಲ್ಲಿ 'ಐ ಲವ್ ಯೂ' ಇಮೇಲ್‌ನಲ್ಲೇ ಜಗತ್ತು ಸುತ್ತಿತಾದರೂ, ಅಟ್ಯಾಚ್‌ಮೆಂಟ್ ತೆರೆದವರಿಗಷ್ಟೇ ಅದರ ಕಾಟ.

ಈ ಹಂಚಿಕೆ ಮುರಿದುಬಿದ್ದದ್ದು 2003ರ ಆಗಸ್ಟ್ 11ರಂದು ಹರಡತೊಡಗಿದ 'ಬ್ಲಾಸ್ಟರ್' ಎಂಬ ಹುಳುವಿನಿಂದ. ಅದಕ್ಕೆ ಯಾರೂ ಯಾವ ಫೈಲನ್ನೂ ತೆರೆಯಬೇಕಿರಲಿಲ್ಲ. ವಿಂಡೋಸ್‌ನ 135ನೇ ಪೋರ್ಟಿನ ಒಂದು ಸೇವೆಯಲ್ಲಿ ತೂತಿತ್ತು. ನೆಟ್‌ಗೆ ಸೇರಿದ ಯಂತ್ರವನ್ನು ಹುಳು ತಾನೇ ಹುಡುಕಿಕೊಂಡು ಬರುತ್ತಿತ್ತು. ಡಯಲ್ ಮಾಡಿ ಸ್ವಲ್ಪ ಹೊತ್ತಿಗೆ ಪರದೆಯ ಮೇಲೊಂದು ಪೆಟ್ಟಿಗೆ: ಯಂತ್ರ 60 ಸೆಕೆಂಡಿನಲ್ಲಿ ಮುಚ್ಚಲಿದೆ. ಎಣಿಕೆ ಮುಗಿದು ಯಂತ್ರ ತಾನೇ ಮತ್ತೆ ಶುರುವಾಗುತ್ತಿತ್ತು. ನೋಡಿದವರಿಗೆ ಇದು ಪವರ್ ಸಪ್ಲೈ ಅಥವಾ ರ‍್ಯಾಮ್‌ನ ದೋಷದಂತೆ ಕಂಡರೆ ಆಶ್ಚರ್ಯವಿಲ್ಲ. ನೆಟ್ ಇಲ್ಲದ ಕಡೆ ಇಟ್ಟು ಪರೀಕ್ಷಿಸಿದರೆ ಅದೇ ಕಂಪ್ಯೂಟರ್ ತೊಂದರೆ ಕೊಡದೆ ನಡೆಯುತ್ತಿತ್ತು.

ತೂತು ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಜುಲೈ 16ರಂದೇ ಕೊಟ್ಟಿತ್ತು. ಆದರೆ ಅದನ್ನು ಇಳಿಸಿಕೊಳ್ಳಲು ನೆಟ್ ಬೇಕು, ನೆಟ್‌ಗೆ ಸೇರಿದರೆ ಯಂತ್ರ ಮುಚ್ಚುತ್ತದೆ. ಬಲ್ಲವರು ಎಣಿಕೆ ನಡೆಯುತ್ತಿರುವಾಗಲೇ ರನ್ ಪೆಟ್ಟಿಗೆಯಲ್ಲಿ 'ಶಟ್‌ಡೌನ್ -ಎ' ಎಂದು ಹೊಡೆದು ಅದನ್ನು ನಿಲ್ಲಿಸಿ, ವಿಂಡೋಸ್ ಎಕ್ಸ್‌ಪಿಯೊಳಗೇ ಇದ್ದ ಫೈರ್‌ವಾಲ್ ಹಚ್ಚಿ, ಆಮೇಲೆ ಪ್ಯಾಚ್ ಇಳಿಸುತ್ತಿದ್ದರು. ಆ ಫೈರ್‌ವಾಲ್ ಯಂತ್ರದೊಂದಿಗೇ ಬಂದಿದ್ದರೂ ಅದನ್ನು ಆಫ್ ಮಾಡಿಯೇ ಕೊಟ್ಟದ್ದು ಆ ಕಾಲದ ದೊಡ್ಡ ಅವಿವೇಕ. 2004ರ ಆಗಸ್ಟ್‌ನ ಸರ್ವಿಸ್ ಪ್ಯಾಕ್ 2ರಲ್ಲಿ ಅದು ತಾನೇ ಆನ್ ಆಗಿರುವಂತೆ ಬದಲಾಯಿತು. ಸುಮಾರು 266 ಎಂಬಿಯ ಆ ಪ್ಯಾಕ್ ಡಯಲ್-ಅಪ್‌ನಲ್ಲಿ ಇಳಿಯಲು ಹದಿನೈದು ಗಂಟೆಗೂ ಹೆಚ್ಚು ಬೇಕು, ಅದೂ ಲೈನ್ ಒಮ್ಮೆಯೂ ಕಡಿಯದಿದ್ದರೆ. ಹಾಗಾಗಿ ಅದು ಸಿಡಿಯಲ್ಲಿ ಕೈಯಿಂದ ಕೈಗೆ ಸಾಗಿತು.

ಇದೇ ವರ್ಷಗಳಲ್ಲಿ ಸ್ಪೈವೇರ್ ಇನ್ನೊಂದು ಬಗೆಯ ಗೋಜಲು ತಂದಿತು. ಕೆಲವು ಸ್ಪೈವೇರ್‌ಗಳು ವಿಂಡೋಸ್‌ನಲ್ಲಿ ನೆಟ್ ಸಂಚಾರ ಹಾದುಹೋಗುವ ವಿನ್‌ಸಾಕ್ ಸರಪಳಿಯಲ್ಲಿ ತಾವೊಂದು ಕೊಂಡಿಯಾಗಿ ಸೇರಿಕೊಳ್ಳುತ್ತಿದ್ದವು. ಶುಚಿ ಮಾಡುವ ತಂತ್ರಾಂಶ ಆ ಫೈಲನ್ನು ಅಳಿಸಿದರೆ ಸರಪಳಿ ತುಂಡಾಗುತ್ತಿತ್ತು. ಲೈನ್ ಸರಿ, ಐಪಿ ವಿಳಾಸವೂ ಸಿಕ್ಕಿದೆ, ಆದರೆ ಒಂದು ಪುಟವೂ ತೆರೆಯದು. ರೋಗ ವಾಸಿಯಾದ ದಿನವೇ ನೆಟ್ ಹೋಗುವ ಈ ಪ್ರಸಂಗ ಎಷ್ಟು ಸಾಮಾನ್ಯವಾಗಿತ್ತೆಂದರೆ, ಸರ್ವಿಸ್ ಪ್ಯಾಕ್ 2ರಲ್ಲಿ ಇದಕ್ಕೆಂದೇ 'ನೆಟ್‌ಶ್ ವಿನ್‌ಸಾಕ್ ರೀಸೆಟ್' ಎಂಬ ಆದೇಶ ಸೇರಿತು. ಡಯಲರ್ ಎಂಬ ಇನ್ನೊಂದು ಜಾತಿಯೂ ಇತ್ತು: ಮೋಡೆಮ್‌ನಿಂದ ಗುಟ್ಟಾಗಿ ದುಬಾರಿ ವಿದೇಶಿ ನಂಬರಿಗೆ ಕರೆ ಹಚ್ಚುತ್ತಿತ್ತು, ಫೋನ್ ಬಿಲ್ ಬರುವವರೆಗೂ ಮನೆಯವರಿಗೆ ಅದರ ಸುಳಿವಿರಲಿಲ್ಲ.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಬ್ರಾಡ್‌ಬ್ಯಾಂಡ್ ಶುರುವಾದ ಮೇಲೆ ಫೋನ್ ಮತ್ತು ನೆಟ್ ಒಂದೇ ತಂತಿಯಲ್ಲಿ ಜಗಳವಿಲ್ಲದೆ ಇರತೊಡಗಿದವು. ಅದಕ್ಕೆ ಸ್ಪ್ಲಿಟರ್ ಬೇಕಿತ್ತು. ಪ್ಯಾರಲಲ್ ಫೋನನ್ನು ಸ್ಪ್ಲಿಟರ್‌ಗಿಂತ ಮೊದಲೇ ಜೋಡಿಸಿದ್ದರೆ ಲಿಂಕ್ ದೀಪ ಮಿನುಗುತ್ತಲೇ ಇರುತ್ತಿತ್ತು. ಎರರ್ 678 ಬಂದರೆ ಅತ್ತ ಕಡೆಯಿಂದ ಉತ್ತರವಿಲ್ಲ, ಅಂದರೆ ಮೋಡೆಮ್, ಕೇಬಲ್ ಅಥವಾ ಲೈನ್ ನೋಡಬೇಕು. 691 ಬಂದರೆ ಯೂಸರ್‌ನೇಮ್ ಇಲ್ಲವೇ ಪಾಸ್‌ವರ್ಡ್ ತಪ್ಪು. ಕಂಪ್ಯೂಟರಿನಿಂದಲೇ ಡಯಲ್ ಮಾಡುವ ಬ್ರಿಜ್ ವಿಧಾನದಲ್ಲಿ ಯಂತ್ರ ನೇರ ಬಯಲಿಗೆ ಬೀಳುತ್ತಿತ್ತು. ಡಯಲ್ ಮಾಡುವ ಕೆಲಸವನ್ನು ಮೋಡೆಮ್‌ಗೇ ವಹಿಸಿದರೆ ಹೊರಗಿನಿಂದ ತಾನಾಗಿ ಬರುವ ಕರೆಗಳು ಅಲ್ಲೇ ತಡೆಯಲ್ಪಟ್ಟು, ಯಾರೂ ಉದ್ದೇಶಿಸದ ರಕ್ಷಣೆಯೊಂದು ಸಿಗುತ್ತಿತ್ತು.

ಆ ಮೋಡೆಮ್‌ಗೂ ಸರದಿ ಬಂತು. 2017ರ ಜುಲೈನಲ್ಲಿ ಕರ್ನಾಟಕ ವೃತ್ತದ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್‌ನ ಒಂದು ಭಾಗದ ಮೇಲೆ ಮಾಲ್‌ವೇರ್ ದಾಳಿ ನಡೆಯಿತು. ಸಿಕ್ಕಿಬಿದ್ದವು 'ಅಡ್ಮಿನ್' ಎಂಬ ಮೂಲ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಮೋಡೆಮ್‌ಗಳು. ನೆಟ್ ಬಂದ್ ಆಗಿದೆ ಎಂಬುದಷ್ಟೇ ಗ್ರಾಹಕರ ದೂರು. ಕಾರಣ ಮಾತ್ರ ಪೂರ್ತಿ ಭದ್ರತೆಯದು. ಪಾಸ್‌ವರ್ಡ್ ಬದಲಿಸುವಂತೆ ನಿಗಮವೇ ಗ್ರಾಹಕರನ್ನು ಕೇಳಿಕೊಂಡಿತು.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್ 8ರಂದು ಮುಗಿದಿತ್ತು. 2017ರ ಮೇ ತಿಂಗಳಲ್ಲಿ 'ವಾನಾಕ್ರೈ' ಹುಳು ಹಬ್ಬಿದಾಗ ಎಕ್ಸ್‌ಪಿಗೂ ಒಂದು ತುರ್ತು ಪ್ಯಾಚ್ ಬಂದದ್ದು ಅಪವಾದ. ಅಷ್ಟರಲ್ಲಿ ಹಳೆಯ ಯಂತ್ರಗಳ ತೊಂದರೆಗೆ ವಯಸ್ಸೇ ಕಾರಣವಾಗತೊಡಗಿತ್ತು. ಜಾಲತಾಣಗಳು ಎಚ್‌ಟಿಟಿಪಿಎಸ್‌ಗೆ, ಹೊಸ ಗೂಢಲಿಪಿ ನಿಯಮಗಳಿಗೆ ಬದಲಾದಂತೆ ಹಳೆಯ ಬ್ರೌಸರಿಗೆ ಆ ಭಾಷೆ ತಿಳಿಯದಾಯಿತು. 2021ರ ಸೆಪ್ಟೆಂಬರ್ 30ರಂದು ಅಸಂಖ್ಯ ತಾಣಗಳು ಆಧರಿಸಿದ್ದ ಮೂಲ ಪ್ರಮಾಣಪತ್ರವೊಂದರ ಅವಧಿ ತೀರಿದಾಗ, ಅಪ್‌ಡೇಟ್ ಕಾಣದ ಯಂತ್ರಗಳಲ್ಲಿ ಆ ತಾಣಗಳ ಬದಲು ಎಚ್ಚರಿಕೆಯ ಪುಟ ಬಂತು. ಮದರ್‌ಬೋರ್ಡಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಸತ್ತರೂ ಇದೇ ಲಕ್ಷಣ: ತಾರೀಖು ಹಲವು ವರ್ಷ ಹಿಂದೆ ಹೋಗುತ್ತದೆ, ಪ್ರಮಾಣಪತ್ರಗಳೆಲ್ಲ ಇನ್ನೂ ಜಾರಿಗೇ ಬಾರದವಂತೆ ಕಾಣುತ್ತವೆ. ಗಡಿಯಾರ ನೋಡದೆ ಲೈನ್ ಕಂಪ್ಲೇಂಟ್ ಕೊಟ್ಟರೆ ಪ್ರಯೋಜನವಿಲ್ಲ.

ಹಗುರ ಲಿನಕ್ಸ್ ಹಾಕಿ ಇಂಥ ಕಂಪ್ಯೂಟರನ್ನು ಉಳಿಸಿಕೊಳ್ಳುವ ದಾರಿ ಬಹುಕಾಲ ತೆರೆದಿತ್ತು. 32 ಬಿಟ್ ಪ್ರೊಸೆಸರಿನ ಯಂತ್ರಗಳಿಗೆ ಅದೂ ಕಿರಿದಾಗುತ್ತ ಬಂದಿದೆ: 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಅವುಗಳಿಗೆ ಇನ್‌ಸ್ಟಾಲರ್ ಇಲ್ಲ.